ಅಡುಗೆಮನೆಯ ಸೇವಾ ಟೊಪ್ಪಿಗೆ

ನಮ್ಮ ಅಡುಗೆಮನೆಯಲ್ಲಿ ಬಿಸಿ ಪಾತ್ರೆ ಇಳಿಸಲು ಹಿಡಿಯುವ ಅರಿವೆ ಒಂದು ಕಾಲಕ್ಕೆ ಬಿಳಿಯ ಟೊಪ್ಪಿಗೆಯಾಗಿತ್ತೆಂದರೆ ನೀವು ನಂಬಲಿಕ್ಕಿಲ್ಲ. ಸಾರಿನ ಕಲೆ, ಮಸಿ, ಅರಿಷಿಣಗಳ ಅಡಿಯಲ್ಲಿ ಕಣ್ಣು ಕಿರಿದು ಮಾಡಿ ನೋಡಿದರೆ ‘ಸೇವೆ’ ಎಂಬ ಎರಡು ನೀಲಿ ಅಕ್ಷರಗಳು ಇನ್ನೂ ಕಾಣುತ್ತವೆ. ಮಿಕ್ಕ ಸೇವೆಗಳೆಲ್ಲ ಮಾಸಿಹೋದ ನನ್ನ ಮನೆಯಲ್ಲಿ ಅದೊಂದೇ ಇಷ್ಟು ವರ್ಷ ಬಾಳಿಕೆ ಬಂದದ್ದು.

ಶಹಾಪುರದ ಕಾಲೇಜೊಂದರಲ್ಲಿ ಇತಿಹಾಸದ ಪಾಠ ಹೇಳಿಕೊಂಡಿದ್ದ ನನ್ನನ್ನು, ಬೇರೆ ಯಾರೂ ಒಪ್ಪಲಿಲ್ಲವೆಂಬ ಏಕೈಕ ಅರ್ಹತೆಯ ಮೇಲೆ, ವಿದ್ಯಾರ್ಥಿಗಳ ಸೇವಾ ಶಿಬಿರದ ಅಧಿಕಾರಿಯನ್ನಾಗಿ ಮಾಡಿದ್ದರು. ವರ್ಷಕ್ಕೊಮ್ಮೆ ಒಂದು ಹಳ್ಳಿಯಲ್ಲಿ ಏಳು ದಿನ ಬೀಡುಬಿಟ್ಟು, ಹದಿನೇಳರ ಹುಡುಗ ಹುಡುಗಿಯರಿಂದ ಶ್ರಮದಾನ ಮಾಡಿಸಿ, ಎಂಟನೆಯ ದಿನ ಅವರನ್ನು ಉತ್ತಮ ನಾಗರಿಕರೆಂದು ಘೋಷಿಸುವುದು ನನ್ನ ಕೆಲಸ. ಏಳು ದಿನದಲ್ಲಿ ಮೆಂತ್ಯೆಯ ಪಲ್ಲೆಯೂ ಸರಿಯಾಗಿ ಏಳುವುದಿಲ್ಲ, ನಾಗರಿಕರು ಏಳುತ್ತಾರೆಯೇ ಎಂಬ ಗುಮಾನಿ ನನಗೆ ಮೊದಲ ವರ್ಷವೇ ಬಂದಿತ್ತು. ಆದರೂ ಒಂದು ವರ್ಷವೂ ಬಿಡದೆ ಪ್ರಮಾಣಪತ್ರಗಳಿಗೆಲ್ಲ ಸಹಿ ಮಾಡಿದೆ ನೋಡಿ! ಅತಿಥಿಗಳು ಬರುವ ಹೊತ್ತಿಗೆ ಶಾಲೆಯ ಅಂಗಳ ಆಗಲೇ ಸ್ವಚ್ಛವಾಗಿಬಿಟ್ಟಿತ್ತೆಂದು ಗಾಬರಿಯಾಗಿ, ಬುಟ್ಟಿಗಟ್ಟಲೆ ಬೇವಿನ ಎಲೆ ತರಿಸಿ ಚೆಲ್ಲಿಸಿ, ಮತ್ತೆ ಗುಡಿಸಿಸಿದ ಮಹಾನುಭಾವ ನಾನು. ಇಂಥವನ ಸಂಶಯಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದು ನಿಮಗೆ ಬಿಟ್ಟದ್ದು.

ಸಾವಿತ್ರಿ ಎಂಬ ಹುಡುಗಿ ಆ ವರ್ಷದ ಶಿಬಿರಕ್ಕೆ ಹೆಸರು ಕೊಡಲು ಬಂದಾಗ, ಸಮಾಜಸೇವೆಯ ಹಂಬಲವೇ ಎಂದು ಪದ್ಧತಿಯಂತೆ ಕೇಳಿದೆ. “ಹಂಬಲ ಗಿಂಬಲ ಏನಿಲ್ರಿ ಸರ. ಈ ಸರ್ಟಿಫಿಕೇಟ್ ಇದ್ರ ನರ್ಸಿಂಗ್ ಸೀಟು ಸಿಗೋದು ಸಲೀಸಂತ. ಅದಕ್ಕ ಬಂದೀನ್ರಿ” ಎಂದಳು. ಯಾದಗಿರಿ ಕಡೆಯ ರಾಮಸಮುದ್ರದವಳು. ಶಹಾಪುರದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಉಳಿದವರೆಲ್ಲ ದೇಶದ ಋಣ, ಸಮಾಜದ ಋಣ ಎಂದು ಉರು ಹೊಡೆದು ಬಂದಿದ್ದರಿಂದ ಇವಳ ಮಾತು ನನಗೆ ಬಿರುಸಾಗಿ ಕಂಡಿತು. ಇವಳಿಂದ ಶಿಬಿರಕ್ಕೇನೂ ಆಗುವುದಿಲ್ಲ ಎಂದು ಮನಸ್ಸಿನಲ್ಲೇ ಷರಾ ಬರೆದುಕೊಂಡೆ.

ಶಿಬಿರ ಶಹಾಪುರದ ಹತ್ತಿರದ ಸಗರ ಎಂಬ ಹಳ್ಳಿಯಲ್ಲಿ. ಕೆಲಸ, ಹೊಲಗಾಲುವೆಯ ಸ್ವಚ್ಛತೆ. ಕೃಷ್ಣೆಯ ನೀರು ನಮ್ಮ ಸೀಮೆಯ ಎರೆಹೊಲಗಳಿಗೆ ಬಂದು ಕೆಲವು ವರ್ಷಗಳಾಗಿದ್ದವು. ನೀರು ಬಿಡುವ ಮೊದಲು ಕಾಲುವೆಯ ಹೂಳು ತೆಗೆಯುವುದು ಲೋಕರೂಢಿ. ಆದರೆ ಶಿಬಿರದ ದಿನಾಂಕ ಗೊತ್ತುಮಾಡುವವರಿಗೆ ಲೋಕದ ಗೊಡವೆ ಎಲ್ಲಿಯದು? ಹೀಗಾಗಿ ಮೊಣಕಾಲುದ್ದ ನೀರು ಹರಿಯುತ್ತಿರುವಾಗಲೇ ನಮ್ಮ ದಂಡು ಬಿಳಿ ಟೊಪ್ಪಿಗೆ ತೊಟ್ಟು ಕಾಲುವೆಗೆ ಇಳಿಯಿತು. ದಂಡೆಯ ಮೇಲೆ ಅತಿಥಿಗಳು, ಅವರ ಪಕ್ಕದಲ್ಲಿ ಕ್ಯಾಮೆರಾ, ಕ್ಯಾಮೆರಾದ ಪಕ್ಕದಲ್ಲಿ ಅನಿವಾರ್ಯವಾಗಿ ನಾನು. ಹುಲ್ಲು ಜೇಕು ಕೀಳುತ್ತ ಹೋದವರಿಗೆ ಒಂದು ಕಡೆ ಕಲ್ಲು, ಹಳೆಯ ಗೋಣಿಚೀಲ, ಕೆಸರು ಸೇರಿಸಿ ಮೆತ್ತಿದ ಗುಡ್ಡೆಯೊಂದು ಅಡ್ಡ ಸಿಕ್ಕಿತು. ಮುಂದೆ ನಿಂತಿದ್ದ ಸಾವಿತ್ರಿ ನನ್ನತ್ತ ನೋಡಿದಳು. “ಕಿತ್ತು ಒಗಿ, ನೀರು ಸರಾಗ ಹರೀಲಿ” ಎಂದು ಅತಿಥಿಗಳಿಗೆ ಕೇಳುವಷ್ಟು ಗಟ್ಟಿಯಾಗಿ ಅಪ್ಪಣೆ ಕೊಟ್ಟೆ. ಕಿತ್ತಳು. ನೀರು ಭೋರೆಂದು ಮುಂದೆ ಓಡಿತು, ಚಪ್ಪಾಳೆಯೂ ಬಿತ್ತು.

ನಾವು ಕಿತ್ತದ್ದು ಕಸವಾಗಿರಲಿಲ್ಲ, ಒಡ್ಡು. ಕಾಲುವೆಯ ನೀರಿಗೆ ಪಾಳಿ ಇರುತ್ತದೆ. ತನ್ನ ಪಾಳಿ ಬಂದ ದಿನ ರೈತ ಹೀಗೆ ಅಡ್ಡ ಕಟ್ಟಿ ನೀರನ್ನು ತನ್ನ ಹೊಲಕ್ಕೆ ತಿರುಗಿಸಿಕೊಳ್ಳುತ್ತಾನೆ. ಆ ದಿನದ ಪಾಳಿ ಭೀಮವ್ವ ಎಂಬ ಹೆಂಗಸಿನದು, ಮೊನ್ನೆ ತಾನೇ ಮೆಣಸಿನ ಸಸಿ ನಾಟಿ ಮಾಡಿದವಳು. ಇನ್ನೊಂದು ಪಾಳಿ ಬರುವುದು ಎಂಟು ದಿನಕ್ಕೆ. ಎಳೆಯ ಸಸಿ ಅಷ್ಟು ದಿನ ತಡೆಯುವುದಿಲ್ಲ. ಮಧ್ಯಾಹ್ನ ನಾವು ಶಾಲೆಯಲ್ಲಿ ಊಟಕ್ಕೆ ಕೂತಾಗ ಕೆಸರುಗಾಲಲ್ಲೇ ಬಂದು ನಿಂತಳು. “ಯಾರ್ರೀ ಕಿತ್ತವ್ರು? ನಸುಕಿನ್ಯಾಗ ಎದ್ದು ಒಡ್ಡ ಹಾಕೀನಿ. ಮನಿಗಿ ಹೋಗಿ ಎರಡು ರೊಟ್ಟಿ ತಿಂದು ಬರೂದ್ರಾಗ ನನ್ನ ನೀರೆಲ್ಲಾ ಹಳ್ಳ ಸೇರ್ಯಾದ. ಸಸಿ ಒಣಗಿದ್ರ ನೀವು ತಂದು ಹಚ್ಚತೀರೇನು?”

ಪಂಕ್ತಿಯೆಲ್ಲ ತಟ್ಟೆ ನೋಡುತ್ತ ಕೂತಿತು. ಶಿಬಿರಾಧಿಕಾರಿ ಇನ್ನೊಂದು ಸೌಟು ಸಾರು ಹಾಕಿಸಿಕೊಂಡು ಅನ್ನ ಕಲಸುವುದರಲ್ಲಿ ಮಗ್ನನಾದ. ಸಾವಿತ್ರಿ ಎದ್ದು, “ನಾ ಕಿತ್ತೀನಿ ದೊಡ್ಡವ್ವಾ. ನಮ್ಮೂರಾಗ ಕಾಲುವಿ ಇಲ್ಲ, ತಿಳೀಲಿಲ್ಲ. ತಪ್ಪಾತು” ಎಂದಳು. ‘ಸರ್ ಹೇಳಿದರು’ ಎಂಬ ಎರಡು ಪದ ಈಗ ಬರುತ್ತವೆ, ಈಗ ಬರುತ್ತವೆ ಎಂದು ನಾನು ಉಸಿರು ಬಿಗಿಹಿಡಿದಿದ್ದೆ. ಬರಲಿಲ್ಲ. ಆಗ ನನಗಾದ ನೆಮ್ಮದಿಯನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಆಕೆ ಅಲ್ಲಿಗೇ ಬಿಡಲಿಲ್ಲ. ಭೀಮವ್ವನ ಜೊತೆಗೆ ಮರುದಿನದ ಪಾಳಿಯ ಶರಣಪ್ಪ ಎಂಬ ಮುದುಕನ ಮನೆಗೆ ಹೋಗಿ, ಅರ್ಧ ದಿನದ ನೀರು ಬಿಟ್ಟುಕೊಡಿರೆಂದು ಕೇಳಿದಳು. ಅವನು ಕೊಟ್ಟ, ಪುಕ್ಕಟೆ ಅಲ್ಲ. “ನೀರು ಕೊಡ್ತೀನವ್ವಾ. ಆದ್ರ ನಮ್ಮ ಕಡಿ ಪಾಳಿ ಕೆಡಿಸಿದವ್ರು ಹಗಲೆಲ್ಲ ಒಡ್ಡ ಕಾಯಬೇಕು. ಯಾರ ಪಾಳಿ ಇದ್ರೂ ಸೈ, ಊರಾಗ ಇರೋತನಕ ಕಾಯಬೇಕು. ಆಗ್ತೈತೇನು?” “ಆಗ್ತೈತ್ರಿ ಕಾಕಾ” ಎಂದಳಂತೆ. ಶಿಬಿರ ಮುಗಿಯುವವರೆಗೂ ದಿನಾಲೂ ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಕಾಲುವೆಗೆ ಹೋಗುವಳು. ಒಡ್ಡಿಗೆ ಕೆಸರು ಮೆತ್ತುವುದನ್ನು ಭೀಮವ್ವನೇ ಕಲಿಸಿದಳು. ಮೆಣಸು ಉಳಿಯಿತು.

ಇತ್ತ ಶಾಲೆಯಲ್ಲಿ ದಿನಕ್ಕೆರಡು ಉಪನ್ಯಾಸ. ‘ನಾಗರಿಕನ ಕರ್ತವ್ಯಗಳು’ ಎಂಬ ವಿಷಯದ ಮೇಲೆ ಗಣ್ಯರೊಬ್ಬರು ಎರಡು ತಾಸು ಮಾತನಾಡಿದ ದಿನ ಹಾಜರಿ ಕರೆದವನು ನಾನೇ; ಸಾವಿತ್ರಿಯ ಹೆಸರಿನ ಮುಂದೆ ಗೈರುಹಾಜರಿ ಬರೆದವನೂ ನಾನೇ. ಶಿಬಿರ ಮುಗಿದಾಗ ಆಕೆಯ ಹಾಜರಿ ನಿಯಮಕ್ಕಿಂತ ಕಡಿಮೆ ಬಿತ್ತು. ನಿಯಮ ಮೀರಿ ಪ್ರಮಾಣಪತ್ರ ಕೊಡಲು ನಾನು ಯಾರು? ಇಡೀ ಯೋಜನೆಯನ್ನೇ ಗುಮಾನಿಯಿಂದ ಕಾಣುವ ಮನುಷ್ಯ ಅದರ ಅತ್ಯಂತ ವಿಧೇಯ ಸೇವಕನಾಗಿರುವುದು ನಮ್ಮಲ್ಲಿ ಅಪರೂಪವೇನಲ್ಲ. ತಲೆ ತಗ್ಗಿಸಿ ಊಟ ಮಾಡಿದ ಅಷ್ಟೂ ಜನ ಉತ್ತಮ ನಾಗರಿಕರಾದರು. ಆಕೆ ಟೊಪ್ಪಿಗೆ ಒಗೆದು, ಮಡಚಿ ನನ್ನ ಮೇಜಿನ ಮೇಲಿಟ್ಟು, “ಬರ್ತೀನ್ರಿ ಸರ” ಎಂದು ಹೋದಳು. ಆ ಟೊಪ್ಪಿಗೆ ನನ್ನ ಚೀಲ ಸೇರಿ ಮನೆಗೆ ಬಂತು. ನರ್ಸಿಂಗ್ ಸೀಟು ಆ ವರ್ಷ ಸಿಗಲಿಲ್ಲವೆಂದು ಆಮೇಲೆ ಗೊತ್ತಾಯಿತು.

ಹಾಗಾದರೆ ಇಂಥ ಶಿಬಿರಗಳು ಮಕ್ಕಳನ್ನು ಒಳ್ಳೆಯ ನಾಗರಿಕರನ್ನಾಗಿ ಮಾಡುತ್ತವೆಯೇ? ಸಾವಿತ್ರಿಯನ್ನು ಮಾಡಿದ್ದು ಶಿಬಿರವಲ್ಲ ಎಂದು ಬಡಬಡ ಹೇಳಿಬಿಡಬಹುದು. ಆ ಗುಣ ಅವಳು ಮನೆಯಿಂದ ಕಟ್ಟಿಕೊಂಡು ಬಂದದ್ದು. ಆದರೆ ಶಿಬಿರವಿಲ್ಲದಿದ್ದರೆ ರಾಮಸಮುದ್ರದ ಹುಡುಗಿಗೆ ಸಗರದ ಭೀಮವ್ವ ಸಿಗುತ್ತಿರಲಿಲ್ಲವಲ್ಲ ಎಂಬ ಅನುಮಾನ ಬಂದು ನನ್ನ ಅನುಮಾನವನ್ನೇ ಕೆಡಿಸುತ್ತದೆ. ಶಿಬಿರ ಯಾರನ್ನೂ ತಿದ್ದಲಾರದು, ಯಾರು ಎಂಥವರೆಂದು ತೋರಿಸಿಕೊಡುತ್ತದೆ ಎಂದುಕೊಂಡರೆ, ಅಂದು ತೋರಿಬಂದವರಲ್ಲಿ ಮೊದಲಿಗ ನಾನೇ.

ಹೋದ ವಾರ ಸಾವಿತ್ರಿ ಮನೆಗೆ ಬಂದಿದ್ದಳು. ಮರುವರ್ಷ ಸೀಟು ಗಿಟ್ಟಿಸಿಕೊಂಡು ಓದಿ, ಈಗ ಸುರಪುರದಲ್ಲಿ ನರ್ಸ್ ಆಗಿದ್ದಾಳೆ. ಮಗನ ಮೊದಲ ಕೂದಲು ತೆಗೆಸುವ ಜವಳದ ಕಾರ್ಯಕ್ಕೆ ಕರೆಯಲು ಬಂದದ್ದು. ಅಡುಗೆಮನೆಯ ಬಾಗಿಲಲ್ಲೇ ಮಾತಾಡುತ್ತ ನಿಂತಿದ್ದಾಗ ನನ್ನ ಹೆಂಡತಿ ಆ ಅರಿವೆಯಿಂದ ಚಹದ ಪಾತ್ರೆ ಇಳಿಸಿದಳು. ಸಾವಿತ್ರಿ ನೋಡಿದಳು, ಗುರುತು ಹಿಡಿದಳು. ನಾನು ತಡವರಿಸಿ ಏನೋ ಹೇಳಹೊರಟೆ. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಇರಲಿ ಬಿಡ್ರಿ ಸರ. ಈಗರ ಕೆಲಸಕ್ಕ ಬಂತಲ್ಲ!”

ಅಂದು ಸಂಜೆ ಹಾಲು ಉಕ್ಕಿದಾಗ ಒಲೆಯ ಹತ್ತಿರ ನಾನೊಬ್ಬನೇ ಇದ್ದೆ. ಅರಿವೆ ಕೈಗೆ ಸಿಗುವಂತೆಯೇ ಇತ್ತು. ಯಾಕೋ ಅದನ್ನು ಮುಟ್ಟುವ ಧೈರ್ಯವಾಗದೆ ಬರಿಗೈಯಲ್ಲೇ ಪಾತ್ರೆ ಇಳಿಸಿದೆ. ಬೆರಳು ಚುರ್ರೆಂದು ‘ಹಾ’ ಎಂದು ಕೂಗಿಕೊಂಡೆ. “ಟೊಪಗಿ ಅಲ್ಲೇ ಐತಲ್ರಿ!” ಎಂದು ಹೆಂಡತಿ ಹೊರಗಿನಿಂದ ಕೂಗುತ್ತಿದ್ದಳು.