ಹೇಳಿ ಕಳಿಸುವ ಕಾಲಂ

ತೊಂಬತ್ತರ ದಶಕದ ನಡುವೆ ಶಿಕಾರಿಪುರದ ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಒಂದು ಕಂಪ್ಯೂಟರ್ ಬಂತು. ತರಿಸಿದವರು ಇನ್‌ಸ್ಟಿಟ್ಯೂಟಿನ ಯಜಮಾನರು, ಊರಿಗೆಲ್ಲ ಮೇಷ್ಟ್ರು. ಬಟ್ಟೆ ಅಂಗಡಿಯ ಮನೆತನದಲ್ಲಿ ಹುಟ್ಟಿ, ಗಜಕಡ್ಡಿ ಮುಟ್ಟದೆ ಟೈಪ್‌ರೈಟರ್ ಹಿಡಿದವರು. ಅರವತ್ತು ದಾಟಿದ ಮೇಲೆ ಅವರಿಗೆ ಕಂಪ್ಯೂಟರಿನ ಹುಚ್ಚು ಹತ್ತಿತು. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಮನೆಯಲ್ಲಿದ್ದ ನನ್ನನ್ನು ಕರೆಸಿ, "ನೀ ಕಲಿಸವ್ವ, ನಾ ಕಲೀತೀನಿ. ಇದ್ರಾಗೆ ನಾಚಿಕೆ ಏನದೆ?" ಅಂದರು.

ನಮಗೆ ಸಿಕ್ಕ ಮೊದಲ ನಿಜವಾದ ಕೆಲಸ ಸೊರಬದಿಂದ ಬಂತು. ಅಲ್ಲಿ ಸಣ್ಣದೊಂದು ಹೆರಿಗೆ ಆಸ್ಪತ್ರೆ ನಡೆಸುತ್ತಿದ್ದ ಡಾಕ್ಟರಮ್ಮ ಮೇಷ್ಟ್ರ ಹಳೆಯ ಶಿಷ್ಯೆ. ಆಗ ರಕ್ತ ಬೇಕಾದರೆ ಶಿವಮೊಗ್ಗಕ್ಕೆ ಓಡಬೇಕಿತ್ತು, ಇಲ್ಲವೇ ಕೊಡುವವರನ್ನು ಹುಡುಕಿ ಕರೆತರಬೇಕಿತ್ತು. ಅಂಥವರ ಹೆಸರು, ಊರು, ರಕ್ತದ ಗುಂಪು, ಫೋನ್ ನಂಬರು ಕೂಡಲೇ ಸಿಗುವಂತೆ ಒಂದು ಪ್ರೋಗ್ರಾಂ ಬೇಕು ಅಂದರು. ನಾನು ಬರೆದೆ. ಡಾಕ್ಟರಮ್ಮ ಕೊಟ್ಟ ಪಟ್ಟಿಯಲ್ಲಿ ನಮ್ಮೂರಿನ ಕೆಲವರೂ ಇದ್ದರು; ಮೇಷ್ಟ್ರು ಹೆಸರುಗಳನ್ನೆಲ್ಲ ತಾವೇ ತುಂಬಿದರು. ಪರದೆಯಲ್ಲಿ ಆಗ ಕನ್ನಡ ಮೂಡುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಜಡೆ, ಹೊಸಬಾಳೆ ಎಂದು ಟೈಪು ಮಾಡುತ್ತ, ಅರ್ಧ ತಾಲ್ಲೂಕಿನ ಪರಿಚಯವಾಯಿತು ಎಂದು ಖುಷಿಪಡುತ್ತಿದ್ದರು.

ಫ್ಲಾಪಿಗಳನ್ನು ಟಿಫಿನ್ ಡಬ್ಬಿಯಲ್ಲಿಟ್ಟುಕೊಂಡು ನಾನು ಬಸ್ಸಿನಲ್ಲಿ ಸೊರಬಕ್ಕೆ ಹೋದೆ. ಡಾಕ್ಟರಮ್ಮನ ಕಂಪ್ಯೂಟರಿಗೆ ಹಾಕಿ ತೋರಿಸಿದೆ. ಅವರು ನೋಡುತ್ತ ನೋಡುತ್ತ ನಕ್ಕುಬಿಟ್ಟರು.

"ಫೋನ್ ನಂಬರಿನ ಜಾಗ ಪೂರ್ತಿ ಖಾಲಿ ಉಂಟಲ್ಲೇ ಮಾರಾಯ್ತಿ! ಊರಿಗೊಂದು ಫೋನ್ ಇದ್ದರೆ ಹೆಚ್ಚು. ಇವರನ್ನು ಕರೆಯೋದು ಹೇಗೆ?"

"ಈಗ ಹೇಗೆ ಕರೆಸ್ತೀರಿ?"

"ಹೇಳಿ ಕಳಿಸ್ತೇನೆ. ಒಬ್ಬರಿಗೆ ಹಾಲಿನ ಡೈರಿಯಲ್ಲಿ, ಒಬ್ಬರಿಗೆ ಬಸ್ಸಿನ ಕಂಡಕ್ಟರ್ ಕೈಲಿ."

ಹಾಗಾದರೆ ಯಾರಿಗೆ ಹೇಳಿ ಕಳಿಸಬೇಕು ಎಂಬುದಕ್ಕೇ ಒಂದು ಕಾಲಂ ಬೇಕು ಅಂದುಕೊಂಡು ಹಿಂತಿರುಗಿದೆ.

ಹೊಸ ಕಾಲಂ ಸೇರಿಸಬೇಕು ಎಂದಾಗ ಮೇಷ್ಟ್ರ ಮುಖ ಸಣ್ಣದಾಯಿತು. ನಾವು ಬಳಸುತ್ತಿದ್ದ ಕಂಪೈಲರ್ ನಾನು ಬರೆದದ್ದನ್ನು ಯಂತ್ರಕ್ಕೆ ತಿಳಿಯುವ ಭಾಷೆಗೆ ತಿರುಗಿಸುವುದರ ಜೊತೆಗೆ ಡೇಟಾಬೇಸಿನ ಕೋಷ್ಟಕವನ್ನೂ ತಾನೇ ಕಟ್ಟುತ್ತಿತ್ತು. ಆಜ್ಞೆಯ ಕೊನೆಗೆ 'ಕ್ರಿಯೇಟ್' ಎಂದು ಸೇರಿಸಿದರೆ ಹೊಸದಾಗಿ ಕಟ್ಟುತ್ತದೆ; ಹಳೆಯದಿದ್ದರೆ ಅದರಲ್ಲಿದ್ದದ್ದೆಲ್ಲ ಹೋಯಿತು. 'ಅಪ್‌ಡೇಟ್' ಎಂದರೆ ತುಂಬಿದ್ದನ್ನು ಹಾಗೇ ಇಟ್ಟು, ಬದಲಾದಷ್ಟನ್ನು ಮಾತ್ರ ತಿದ್ದುತ್ತದೆ. ಇದನ್ನು ಮೊದಲೇ ವಿವರಿಸಿದ್ದೆ. ಅವರಿಗೆ ನೆನಪಿದ್ದದ್ದು ಮಾತ್ರ ಅಳಿಸುವ ಭಾಗ.

"ಅಂದ್ರೆ ಜನ ಒಳಗಿದ್ದಾಗಲೇ ಮನೀಗೊಂದು ಖೋಲಿ ಕೂಡಿಸೋದು. ಗೋಡೆ ಬಿದ್ರೆ?"

"ಮೊದಲು ನಕಲು ಇಟ್ಕೊಳ್ಳೋಣ ಸರ್."

ಒಂದು ನಕಲು ಸಾಲದು ಎಂದು ಎರಡನೆಯದನ್ನೂ ಮಾಡಿಸಿದರು. ಆಮೇಲೆ ನನ್ನನ್ನು ಸರಿಸಿ ತಾವೇ ಕುಳಿತು, ಒಂದೊಂದೇ ಅಕ್ಷರ ಬಾಯಲ್ಲಿ ಹೇಳಿಕೊಳ್ಳುತ್ತ 'ಅಪ್‌ಡೇಟ್' ಹೊಡೆದರು. ಕ್ಲಾಸಿನ ಹುಡುಗಿಯರೆಲ್ಲ ಟೈಪ್‌ರೈಟರ್ ನಿಲ್ಲಿಸಿ ಹಿಂದೆ ಬಂದು ನಿಂತಿದ್ದರು. ಕೋಷ್ಟಕ ತೆರೆದಾಗ ಹೆಸರುಗಳೆಲ್ಲ ಇದ್ದವು, ಪಕ್ಕದಲ್ಲಿ ಹೊಸ ಕಾಲಂ ಖಾಲಿಯಾಗಿ ಕಾದಿತ್ತು. ಮೇಷ್ಟ್ರು ಎಲ್ಲರಿಗೂ ಚಹಾ, ಮಂಡಕ್ಕಿ ತರಿಸಿದರು.

ಡಾಕ್ಟರಮ್ಮ ಹೇಳಿದ್ದನ್ನು ತುಂಬಹೋದರೆ ಹೊಸ ಕಾಲಂಗೆ ನಾನಿಟ್ಟ ಅಗಲ ಸಾಲಲಿಲ್ಲ. "ಹೊಸಬಾಳೆ, ಗಿರಣಿ ಎದುರು ಹೊಲಿಗೆ ಅಕ್ಕನಿಗೆ ಹೇಳಿ" ಎಂಬುದು ಗಿರಣಿಯಲ್ಲೇ ನಿಂತುಹೋಗುತ್ತಿತ್ತು. ಮತ್ತೆ ಅಗಲಿಸಿ, ಮತ್ತೆ 'ಅಪ್‌ಡೇಟ್' ಕೊಟ್ಟೆವು. ಈ ಸಲ ಮೇಷ್ಟ್ರು ಚಹಾ ತರಿಸಲಿಲ್ಲ. "ಅದೇನು ಮಹಾ ಕೆಲಸ," ಅಂದರು!

ಮಳೆಗಾಲ ಮುಗಿಯುತ್ತಿದ್ದ ಒಂದು ಮಧ್ಯಾಹ್ನ ನಾನು ಸೊರಬದ ಆಸ್ಪತ್ರೆಯಲ್ಲೇ ಇದ್ದೆ. ಹೆರಿಗೆಯಾದ ಒಬ್ಬಾಕೆಗೆ ರಕ್ತಸ್ರಾವ ನಿಲ್ಲುತ್ತಿಲ್ಲ ಎಂದು ನರ್ಸ್ ಓಡಿಬಂದಳು. ಬಾಣಂತಿಯದು ಅಪರೂಪದ ಗುಂಪು. ನಾನು ಕಂಪ್ಯೂಟರಿನಲ್ಲಿ ಆ ಗುಂಪು ಹೊಡೆದೆ. ಬಂದದ್ದು ಒಂದೇ ಹೆಸರು, ಜಡೆ ಶಾಲೆಯ ಟೀಚರಮ್ಮ. ಪಕ್ಕದ ಕಾಲಂನಲ್ಲಿ "ಜಡೆ ಬಸ್ ಕಂಡಕ್ಟರ್" ಎಂದಿತ್ತು. ನಿಲ್ದಾಣಕ್ಕೆ ಓಡಿದೆ. ಬಸ್ಸು ಹೊರಟು ನಿಂತಿತ್ತು.

"ಟೀಚರಮ್ಮನ ಹತ್ರ ಡಾಕ್ಟರಮ್ಮ ಕರೆದ್ರು ಅಂತ ಹೇಳ್ರೀ. ಬಾಣಂತಿಗೆ ರಕ್ತ ಬೇಕು."

ಕಂಡಕ್ಟರ್ ಸೀಟಿ ಊದಿದ. "ಹೇಳೋದೇನು, ಇದೇ ಬಸ್ಸಲ್ಲಿ ಕರ್ಕೊಂಡೇ ಬರ್ತೀನಿ."

ಕರೆತಂದ. ಟೀಚರಮ್ಮನ ಬೆರಳಿಗೆ ಇನ್ನೂ ಸೀಮೆಸುಣ್ಣ ಮೆತ್ತಿತ್ತು. ಸಂಜೆಯ ಹೊತ್ತಿಗೆ ಬಾಣಂತಿ ಕಣ್ಣು ಬಿಟ್ಟು ಮಗುವನ್ನು ಕೇಳಿದಳು. ಟೀಚರಮ್ಮ ಬಾಳೆಹಣ್ಣು ತಿನ್ನುತ್ತ, "ಎಲ್ಲಿ, ನನ್ನ ಹೆಸರು ತೋರಿಸಿ ಕಾಣ್ವ," ಅಂದರು. ತೋರಿಸಿದೆ. ಬಹಳ ಹೊತ್ತು ನೋಡಿದರು.

ಇದನ್ನೆಲ್ಲ ಕೇಳಿದ ಮೇಷ್ಟ್ರು ಮರುದಿನವೇ ಇಸ್ತ್ರಿ ಅಂಗಿ ತೊಟ್ಟು, ತಾವೂ ರಕ್ತ ಕೊಡುವುದಾಗಿ ನನ್ನ ಜೊತೆ ಸೊರಬಕ್ಕೆ ಹೊರಟರು. ಡಾಕ್ಟರಮ್ಮ ಕೈಮುಗಿದರು.

"ನಿಮ್ಮ ವಯಸ್ಸಿಗೆ ಬೇಡ ಸರ್."

ಮೇಷ್ಟ್ರು ವಾಪಸು ಶಿಕಾರಿಪುರದಲ್ಲಿ ಬಸ್ಸಿಳಿದದ್ದೇ ಕಂಪ್ಯೂಟರ್ ಮುಂದೆ ಕುಳಿತರು. ನಮ್ಮೂರಿನ ರಕ್ತದಾನಿಗಳ ಹೆಸರುಗಳನ್ನು ಒಂದೊಂದಾಗಿ ತೆರೆದು, ಯಾರಿಗೆ ಹೇಳಿ ಕಳಿಸಬೇಕು ಎಂಬ ಕಾಲಂನಲ್ಲಿ ತಮ್ಮ ಹೆಸರನ್ನೇ ಟೈಪು ಮಾಡತೊಡಗಿದರು. ಮುಂದೆ ಸೊರಬದಿಂದ ಫೋನ್ ಬಂದಾಗಲೆಲ್ಲ ಪಾಠ ಅರ್ಧಕ್ಕೆ ನಿಲ್ಲಿಸಿ, ಪಂಚೆ ಎತ್ತಿಕಟ್ಟಿ, ಸೈಕಲ್ಲು ಏರುತ್ತಿದ್ದರು. ಹಿಂದಿರುಗುವಾಗ ಕ್ಯಾರಿಯರ್ ಮೇಲೆ, ರಕ್ತ ಕೊಡಲು ಸೊರಬದ ಬಸ್ಸಿಗೆ ಹೊರಟ ಯಾರಾದರೊಬ್ಬರು ಕುಳಿತೇ ಇರುತ್ತಿದ್ದರು.