ನಾನು ಕಲಿಸಿದ ಸಹಿ

ಆಗ ನನಗೆ ಐವತ್ತೆರಡು. ಹದಿನಾರು ವರ್ಷದ ಹಿಂದಿನ ಮಾತು. ಮೊನ್ನೆ ಕುರುಗೋಡಿನ ಬ್ಯಾಂಕಿನಲ್ಲಿ ಇಂಕ್ ಪ್ಯಾಡಿನ ಮುಚ್ಚಳ ತೆಗೆದರು. ಆ ಮಸಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಸಿರುಗುಪ್ಪದಲ್ಲಿ ನಮ್ಮ ನೆರೆಮನೆಯಲ್ಲಿದ್ದ ಹಮಾಲಿ ಕಣ್ಣ ಮುಂದೆ ಬಂದ. ಹಳೆಯ ಸಿಟ್ಟೂ ಬಂತು.

ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ಮದರಸಾದಲ್ಲಿ ಕಲಿತ ಉರ್ದು ಓದುತ್ತಿದ್ದ. ಕನ್ನಡ ಬಾಯಲ್ಲಿ ಮಾತ್ರ. ಉರ್ದುವಿನಲ್ಲಿ ಸಹಿ ಹಾಕಿದರೆ ಗಿರಣಿಯ ಗುಮಾಸ್ತ ಪುಸ್ತಕವನ್ನು ತಲೆಕೆಳಗೆ ಹಿಡಿದು, "ಇದನ್ನ ಯಾವ ಕಡಿಂದ ಓದಬೇಕಲೇ? ಹೆಬ್ಬಟ್ಟು ಒತ್ತು" ಎನ್ನುತ್ತಿದ್ದನಂತೆ. ಒಂದು ದಿನ ಮಸಿ ಹತ್ತಿದ ಬೆರಳು ತೋರಿಸಿ, "ಅಕ್ಕಾ, ಕನ್ನಡದಾಗ ನನ್ನ ಹೆಸರು ಹಾಕಾಕ ಕಲಿಸು" ಎಂದ.

ನನ್ನ ಓದು ಏನು ಮಹಾ? ಸಾಕ್ಷರತಾ ತರಗತಿಯಲ್ಲಿ ಕಲಿತದ್ದು. ಎಮ್ಮೆಗೆ ತಂದ ತೌಡನ್ನು ಮೊರದಲ್ಲಿ ಹರವಿ, ಅವನ ಬೆರಳು ಹಿಡಿದು ತಿದ್ದಿಸಿದೆ. ನಾಲ್ಕೇ ಅಕ್ಷರ. ರಂಗೋಲಿ ಕಲಿತ ಹಾಗೆ ಕಲಿತ. "ಇನ್ನ ಎಲ್ಲಿ ಕೇಳಿದ್ರೂ ಹೆದರಬ್ಯಾಡ, ಹಾಕು" ಎಂದು ನಾನೇ ಹೇಳಿದೆ. ಹಾಕಿದ... ಕೇಳಿದಲ್ಲೆಲ್ಲ ಹಾಕಿದ.

ಆ ವರ್ಷ ಹಮಾಲರು ಕೆಲಸ ನಿಲ್ಲಿಸಿದರು. ಮುಂದೆ ನಿಂತವನು ಇವನು. ತಳ್ಳಾಟವಾಯಿತು, ಕೇಸುಗಳಾದವು. ಗೂಂಡಾ ಎಂದು ಹೆಸರಿಟ್ಟು, ವಿಚಾರಣೆಯೇ ಇಲ್ಲದೆ ಒಂದು ವರ್ಷಕ್ಕೆ ಜೈಲಿಗೆ ಹಾಕಿದರು. ಕಾರಣ ಬರೆದ ಕಾಗದದ ಕಟ್ಟು ಕೊಟ್ಟರು. ಎಲ್ಲ ಕನ್ನಡ. ಓದಿ ಉತ್ತರ ಕೊಡಬೇಕಾದವನು ಒಂದು ಸಾಲೂ ಓದಲಾರ.

ವಕೀಲರು ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಈ ಮನುಷ್ಯನನ್ನು ಯಾವ ನ್ಯಾಯದ ಮೇಲೆ ಒಳಗಿಟ್ಟಿರಿ ಎಂದು ಸರ್ಕಾರವನ್ನು ಕೇಳುವ ಅರ್ಜಿ ಅದು. ಅವನು ಬಲ್ಲ ಭಾಷೆಯಲ್ಲಿ ಕಾರಣ ಕೊಟ್ಟಿಲ್ಲ, ಬಿಡಲೇಬೇಕು ಎಂದು ಧೈರ್ಯ ಹೇಳಿದರು. ಅವನ ಹೆಂಡತಿಯ ಜೊತೆ ನಾನೂ ಹೋದೆ. ಒಳಗಿನ ಮಾತೆಲ್ಲ ಇಂಗ್ಲಿಷು. ವಕೀಲರು ಹೊರಗೆ ಬಂದು, "ಅರ್ಜಿ ವಜಾ ಆತಮ್ಮ" ಎಂದರು.

"ಯಾಕ?"

"ಜೈಲಿನಾಗ ಕೊಟ್ಟ ಕಟ್ಟಿನ ಪ್ರತಿ ಹಾಳಿ ಕೆಳಗ ಕನ್ನಡದಾಗ ಸಹಿ ಮಾಡ್ಯಾನ. ಕನ್ನಡ ಬಲ್ಲವ ಅಂದ್ರು."

"ಏನ್ ಬಲ್ಲವ? ನಾಕು ಅಕ್ಷರ, ನಾನ ಕಲಿಸಿದ್ದು. ನಡೀರಿ ಒಳಗ, ನಾ ಹೇಳ್ತೀನಿ!"

"ಈಗ ಹೇಳಾಕ ಬರಂಗಿಲ್ಲ. ಮುಗೀತು."

"ಮೊದಲ ಯಾಕ ನನ್ನ ಕೇಳಲಿಲ್ಲ?"

ಅವರು ಗಡಿಯಾರ ನೋಡಿಕೊಂಡರು. ಅವನ ಮುಂದೆ ಒಂದು ಕನ್ನಡ ಪೇಪರು ಹಿಡಿದು "ಓದಪ್ಪ" ಎನ್ನಲು ಎಷ್ಟು ಹೊತ್ತು ಬೇಕಿತ್ತು? ಅಷ್ಟು ಜನ ಓದಿದವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕಲಿಸಿದ ನನ್ನ ಕೈಯನ್ನೂ ನಾನು ಬೈದುಕೊಂಡಿದ್ದೇನೆ. ಆದರೆ ಬಾಗಿಲು ಹಾಕಿದ್ದು ನನ್ನ ಕೈಯಲ್ಲ.

ವರ್ಷ ಪೂರ್ತಿ ಒಳಗೇ ಇದ್ದ. ಹೊರಗೆ ಬಂದಾಗ ಮೂಟೆ ಎತ್ತುವ ಬಲ ಇರಲಿಲ್ಲ. ಅವನು ಸತ್ತು ಈಗ ನಾಲ್ಕು ವರ್ಷವಾಯಿತು. ಅವನಂಥ ನೆರೆಯವನು ಮತ್ತೆ ಸಿಗಲಿಲ್ಲ. ಈ ಸಿಟ್ಟು ನನ್ನ ಜೊತೆಗೇ ಹೋಗುವಂಥದ್ದು...

ತೀರ್ಪಿನ ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಒಂದನೆಯ ತರಗತಿಯ ಕನ್ನಡ ಪುಸ್ತಕ ಕೊಂಡು ಬಳ್ಳಾರಿ ಬಸ್ಸು ಹತ್ತಿದೆ. ಜೈಲಿನ ಜಾಲರಿಯ ಆಚೆ ನಿಂತು, "ಅಕ್ಕಾ, ಜಡ್ಜ್ ಸಾಹೇಬ್ರು ನನ್ನ ಪಾಸ್ ಮಾಡ್ಯಾರಂತಲ್ಲ" ಎಂದು ನಕ್ಕ. ನಾನು ನಗಲಿಲ್ಲ. ಪುಸ್ತಕವನ್ನು ಕಾವಲಿನವನ ಕೈಗೆ ಕೊಟ್ಟೆ.

"ಓದಾಕ ಕಲಿ, ತಮ್ಮ. ನಿನ್ನ ಮ್ಯಾಲ ಏನೇನ್ ಬರದಾರ, ಪೂರಾ ಓದು."