ಲಂಡನ್ನಿನ ತಲೆಗಂದಾಯ, ನಮ್ಮ ಬೀದಿಯ ನಲ್ಲಿ

ದಿನಪತ್ರಿಕೆಯನ್ನು ಜನ ಮೊದಲ ಪುಟದಿಂದ ಓದುತ್ತಾರೆಂದು ಸಂಪಾದಕರು ನಂಬಿರುತ್ತಾರೆ. ಅದು ಅವರ ವೃತ್ತಿಗೆ ಅಗತ್ಯವಾದ ಒಂದು ಭ್ರಮೆ. ನಮ್ಮ ಬೀದಿಯನ್ನೇ ನೋಡಿ. ಎದುರು ಮನೆಯ ರೇಷ್ಮೆ ವ್ಯಾಪಾರಿ ಗೂಡಿನ ಧಾರಣೆಯಿಂದ ಆರಂಭಿಸುತ್ತಿದ್ದ, ಪಕ್ಕದ ಮನೆಯ ನಿವೃತ್ತ ತಹಸೀಲ್ದಾರರು ವರ್ಗಾವಣೆಯ ಸುದ್ದಿಯಿಂದ ಆರಂಭಿಸಿ ಯಾರೋ ಅಪರಿಚಿತ ಅಧಿಕಾರಿ ಬೀದರಿಗೆ ಹೋದದ್ದಕ್ಕೆ ಇಡೀ ದಿನ ಸಂತೋಷವಾಗಿರುತ್ತಿದ್ದರು. ನಾನು ಮಾತ್ರ ನೇರವಾಗಿ ವಿದೇಶ ವಾರ್ತೆಯ ಪುಟಕ್ಕೆ ಹೋಗಿ, ಅದರಲ್ಲೂ ಬ್ರಿಟನ್ನಿನ ಸುದ್ದಿ ಹುಡುಕಿ, ಕಾಫಿ ಮುಗಿಯುವಷ್ಟರಲ್ಲಿ ಆ ದೇಶದ ಸರ್ಕಾರವನ್ನು ಚೆನ್ನಾಗಿ ಬೈದು ಸ್ನಾನಕ್ಕೆ ಏಳುತ್ತಿದ್ದೆ. ಇದರಿಂದ ಬ್ರಿಟಿಷ್ ಸರ್ಕಾರಕ್ಕೆ ಏನೂ ಆಗುತ್ತಿರಲಿಲ್ಲ, ನನಗೆ ಹಸಿವು ಚೆನ್ನಾಗಿ ಆಗುತ್ತಿತ್ತು.

ಈ ಚಟಕ್ಕೆ ಕಾರಣ ನನ್ನ ನೌಕರಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ನಾಲ್ಕು ಊರುಗಳಲ್ಲಿ ಒಂದರ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರದ ಅಧ್ಯಾಪಕನಾಗಿದ್ದೆ. ಯಾವ ಊರೆಂದು ಹೇಳುವುದಿಲ್ಲ. ನಾಲ್ಕೂ ಊರಿನವರು ಇದು ತಮ್ಮ ಪುರಸಭೆಯ ಕಥೆಯೇ ಎಂದು ಪ್ರಾಮಾಣಿಕವಾಗಿ ಭಾವಿಸುವ ಸಾಧ್ಯತೆ ಇರುವಾಗ, ಮೂರು ಊರಿನವರಿಗೆ ನಿರಾಸೆ ಮಾಡುವುದು ತರವಲ್ಲ. ಬಿ.ಎ. ವಿದ್ಯಾರ್ಥಿಗಳಿಗೆ ಬ್ರಿಟಿಷ್ ಸಂವಿಧಾನ ಕಡ್ಡಾಯ ಪಾಠ. ಆ ಸಂವಿಧಾನದ ಮುಖ್ಯ ಲಕ್ಷಣವೆಂದರೆ ಅದು ಅಲಿಖಿತ. ಆದರೆ ನಮ್ಮ ಬಸ್ ನಿಲ್ದಾಣದ ಅಂಗಡಿಯಲ್ಲಿ ಅದರ ಅಚ್ಚಾದ ನೋಟ್ಸ್ ಧಾರಾಳವಾಗಿ ಸಿಗುತ್ತಿತ್ತು. ಅಂಬಾಜಿದುರ್ಗದ ತಪ್ಪಲಿನಿಂದ, ನಗರಗೆರೆಯಿಂದ ಬಂದ ಮಕ್ಕಳು ಲಾರ್ಡುಗಳ ಸಾಮಂತ ಸಭೆಯ ಅಧಿಕಾರಗಳನ್ನು ಉರು ಹೊಡೆಯುತ್ತಿದ್ದರು. ಹೊರಗೆ, ಅದೇ ಊರಿನಲ್ಲಿ, ಚುನಾಯಿತ ಪುರಸಭೆಯ ಅವಧಿ ಮುಗಿದು ಎಷ್ಟೋ ಕಾಲವಾಗಿ, ಮತ್ತೆ ಚುನಾವಣೆಯೇ ನಡೆಯದೆ, ಒಬ್ಬ ಮುಖ್ಯಾಧಿಕಾರಿ ಇಡೀ ಊರನ್ನು ಸಹಿ ಮತ್ತು ಮೊಹರುಗಳಿಂದ ಆಳುತ್ತಿದ್ದರು.

ತೊಂಬತ್ತರ ದಶಕ ಆಗತಾನೇ ಕಣ್ಣುಬಿಡುತ್ತಿದ್ದ ಆ ದಿನಗಳಲ್ಲಿ ಬ್ರಿಟನ್ನಿನಲ್ಲಿ ತಲೆಗಂದಾಯ ಜಾರಿಗೆ ಬಂದಿತ್ತು. ಅರಮನೆಯಲ್ಲಿರುವ ಡ್ಯೂಕನೂ ಅವನ ತೋಟದ ಮಾಲಿಯೂ ಊರಿನ ಆಡಳಿತಕ್ಕೆ ತಲೆಗಿಷ್ಟು ಎಂದು ಒಂದೇ ಮೊತ್ತ ಕೊಡಬೇಕು. ತೀರ ಬಡವರಿಗೆ ರಿಯಾಯಿತಿ ಉಂಟು, ಪೂರ್ತಿ ಮಾಫಿ ಇಲ್ಲ. ತೆರಿಗೆಯೆಂಬುದು ಶಕ್ತ್ಯನುಸಾರ ಇರಬೇಕೆಂಬ, ನಮ್ಮ ಹಳ್ಳಿಯ ಚಾವಡಿಯಲ್ಲೂ ಒಪ್ಪುವ ಮಾತನ್ನು ಆ ಮಹಾಮೇಧಾವಿಗಳು ಮರೆತದ್ದಾದರೂ ಹೇಗೆ! ಅದಕ್ಕೆ ಸ್ವಲ್ಪ ಮುಂಚೆ ಅದೇ ಸರ್ಕಾರ ಜನರು ಕುಡಿಯುವ ನೀರಿನ ಸರಬರಾಜನ್ನೂ ಷೇರು ಮಾಡಿ ಮಾರಿತ್ತು. ನೀರನ್ನು ಮಾರಿದವರು, ತಲೆಗೆ ಬೆಲೆ ಕಟ್ಟಿದವರು, ನಾಳೆ ಉಸಿರಿಗೆ ಮೀಟರು ಹಾಕುವುದಿಲ್ಲವೆಂದು ಏನು ಭರವಸೆ? ನಾನು ಕುದಿದುಹೋದೆ. ಉಪ್ಪಿಟ್ಟಿನ ತಟ್ಟೆಯ ಮುಂದೆ ಕೂತು ಗಟ್ಟಿಯಾಗಿ ಖಂಡಿಸಿದೆ. ನನ್ನ ಹೆಂಡತಿ ಶಾರದ, "ಸ್ವಲ್ಪ ಮೆತ್ತಗೆ ಬೈರಿ, ಪಕ್ಕದ ಮನೆಯೋರು ನನಗೇನೋ ಅಂದ್ರಿ ಅಂದ್ಕೋತಾರೆ" ಎಂದು ಒಳಗೆ ಹೋದಳು.

ಮುಂದೆ ಬಂದ ಚಳಿಗಾಲದಲ್ಲಿ ನಮ್ಮ ಪುರಸಭೆಯ ಗೋಡೆಯ ಮೇಲೆ ಒಂದು ನೋಟೀಸು ಕಾಣಿಸಿಕೊಂಡಿತು. ಇನ್ನು ಮುಂದೆ ನೀರಿನ ಶುಲ್ಕ ಮನೆಗೊಂದೇ ದರ. ಮನೆಯೊಳಗೆ ನಲ್ಲಿ ಇದ್ದವರಿಗೂ ಅಷ್ಟೇ, ಬೀದಿ ನಲ್ಲಿಯಲ್ಲಿ ಹಿಡಿಯುವವರಿಗೂ ಅಷ್ಟೇ. ಶುಲ್ಕ ಕಟ್ಟದ ಬೀದಿಯ ನಲ್ಲಿಯನ್ನು ಬಂದ್ ಮಾಡಲಾಗುವುದು. ರೇಷ್ಮೆ ಕಾರ್ಖಾನೆಯ ಮಾಲೀಕರ ಮೂರಂತಸ್ತಿನ ಮನೆಗೂ, ಆ ಕಾರ್ಖಾನೆಯ ಹಿಂದಿನ ಓಣಿಯಲ್ಲಿ ಒಂದೇ ನಲ್ಲಿಯ ಮುಂದೆ ಬೆಳಗಾಗುವ ಮುನ್ನವೇ ಸಾಲು ನಿಲ್ಲುತ್ತಿದ್ದ ಹೆಂಚಿನ ಗೂಡುಗಳಿಗೂ ಒಂದೇ ಬೆಲೆ. ನಾನು ಆ ನೋಟೀಸನ್ನು ಓದಿದೆ, ಸರಿಯಿಲ್ಲ ಎಂದುಕೊಂಡೆ, ಮುಂದೆ ಹೋದೆ. ಲಂಡನ್ನಿನ ವಿಷಯದಲ್ಲಿ ಬಂದಷ್ಟು ಸಿಟ್ಟು ಬರಲಿಲ್ಲ, ಏಕೆಂದರೆ ನನ್ನ ಮನೆಯೊಳಗೆ ನಲ್ಲಿ ಇತ್ತು.

ಆ ಓಣಿಯಲ್ಲಿ ನನ್ನ ವಿದ್ಯಾರ್ಥಿನಿ ನಾಗವೇಣಿಯ ಮನೆ. ಕೊನೆಯ ವರ್ಷದ ಬಿ.ಎ. ಹುಡುಗಿ, ಮಾತು ಕಮ್ಮಿ, ಕೇಳುವ ಪ್ರಶ್ನೆ ಮಾತ್ರ ನೆಟ್ಟಗೆ ಬಂದು ನಾಟುವಂಥದು. ಅವಳ ತಾಯಿ ಮುನಿಯಮ್ಮ ರೇಷ್ಮೆ ಕಾರ್ಖಾನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುದಿನೀರಿನ ಬೋಗುಣಿಯಲ್ಲಿ ಕೈಯದ್ದಿ ಗೂಡಿನ ಎಳೆ ತೆಗೆಯುವಾಕೆ. ಬೆಂದ ಹುಳುವಿನ ಆ ನಾತ ಮನೆಗೆ ಬಂದು ಮಿಂದರೆ ಮಾತ್ರ ಹೋಗುತ್ತದೆ, ಮೀಯಲು ನೀರು ಬೇಕು. ಬೀದಿ ನಲ್ಲಿ ಬಂದ್ ಆದರೆ ಬೆಳಿಗ್ಗೆ ಮೂರು ಬೀದಿ ದಾಟಿ ನೀರು ಹೊರುವ ಕೆಲಸ ನಾಗವೇಣಿಯದಾಗುತ್ತದೆ, ಪರೀಕ್ಷೆ ಹತ್ತಿರ ಬರುತ್ತಿರುವಾಗ ಮೊದಲ ಎರಡು ತರಗತಿಗಳು ಹೋದಂತೆಯೇ. ಇದನ್ನು ಅವಳು ನನಗೆ ಹೇಳಿಕೊಂಡವಳಲ್ಲ. ಅವಳ ಗೆಳತಿಯರು ಹೇಳಿದ್ದು.

ನಮ್ಮ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ಅಣಕು ಸಂಸತ್ತು ನಡೆಯುತ್ತಿತ್ತು. ಆ ವರ್ಷ ನನ್ನ ಕೋಪಕ್ಕೆ ಒಂದು ರಂಗಮಂಚ ಬೇಕಾಗಿತ್ತು, ಆದ್ದರಿಂದ ಬ್ರಿಟಿಷ್ ಸಂಸತ್ತನ್ನೇ ಆಡಿಸಿ ತಲೆಗಂದಾಯದ ಮಸೂದೆಯ ಚರ್ಚೆ ಇಡುವುದೆಂದು ತೀರ್ಮಾನಿಸಿದೆ. ಸಭಾಧ್ಯಕ್ಷನ ಪಾತ್ರ ನನ್ನದೇ. ಅಲ್ಲಿನ ಅಧ್ಯಕ್ಷರು ತೊಡುವಂಥ ಬಿಳಿಯ ಕೃತಕ ಕೂದಲು ಬೇಕಲ್ಲ. ರೇಷ್ಮೆ ತೆಗೆದ ಮೇಲೆ ಉಳಿಯುವ ಸಿಕ್ಕುನಾರನ್ನು ಮುನಿಯಮ್ಮನೇ ಕಾರ್ಖಾನೆಯಿಂದ ಕೇಳಿ ತಂದುಕೊಟ್ಟಳು, ಹುಡುಗಿಯರು ಅದನ್ನು ಟೊಪ್ಪಿಗೆಗೆ ಹೊಲಿದರು. ನೋಡಲು ಅದು ಭವ್ಯವಾಗಿಯೇ ಇತ್ತು. ತಲೆಯ ಮೇಲೆ ಇಟ್ಟಾಗ ಮಾತ್ರ ಇಡೀ ಬ್ರಿಟಿಷ್ ಪರಂಪರೆ ಬೆಂದ ಹುಳುವಿನ ವಾಸನೆ ಹೊಡೆಯುತ್ತಿತ್ತು, ಮೊದಲ ಸಾಲಿನ ಮಂತ್ರಿಗಳು ಕರ್ಚೀಫು ಹಿಡಿದೇ ಕಲಾಪ ನಡೆಸಿದರು.

ಆ ದೇಶದ ಮಹಿಳಾ ಪ್ರಧಾನಿಯನ್ನು ಅಷ್ಟರಲ್ಲಿ ಅವರ ಪಕ್ಷದವರೇ ಇಳಿಸಿದ್ದರು; ಆದರೆ ನಮ್ಮ ನಾಟಕ ಹಿಂದಿನ ಚರ್ಚೆಯದಾದ್ದರಿಂದ ಪ್ರಧಾನಿ ಬೇಕಿತ್ತು. ಆ ಪಾತ್ರಕ್ಕೆ ಹುಡುಗಿಯರು ಯಾರೂ ಒಪ್ಪದೆ, ನಗರಗೆರೆಯ ವೆಂಕಟೇಶ ಶಾರದಳ ಕೈಚೀಲ ತೂಗುಹಾಕಿಕೊಂಡು ಬಂದ. ಮಸೂದೆಯನ್ನು ಗ್ರಾಂಥಿಕ ಕನ್ನಡದಲ್ಲಿ ಮಂಡಿಸಿದ ಆತ, ವಿರೋಧ ಪಕ್ಷದವರು ಕೂಗೆಬ್ಬಿಸಿದ ಕೂಡಲೇ ಕಂಗಾಲಾಗಿ, "ಕೂರ್ಚೋಂಡಪ್ಪಾ, ಕೂರ್ಚೋಂಡಿ! ನಾನಿನ್ನೂ ಮುಗಿಸಿಲ್ಲ!" ಎಂದು ಮನೆಯ ತೆಲುಗಿಗೆ ಜಾರಿದ. ಸಭೆ ಬಿದ್ದುಬಿದ್ದು ನಕ್ಕಿತು. ಆಮೇಲೆ ವಿರೋಧ ಪಕ್ಷದ ನಾಯಕಿ ನಾಗವೇಣಿ ಎದ್ದು ನಾನು ಬರೆದುಕೊಟ್ಟ ಭಾಷಣವನ್ನು ಒಂದು ಅಕ್ಷರ ತಪ್ಪದೆ ಒಪ್ಪಿಸಿದಳು. ಹಿಂದಿನ ಸಾಲಿನಲ್ಲಿ ಮುನಿಯಮ್ಮನೂ ಓಣಿಯ ಹೆಂಗಸರೂ ಸೆರಗು ಹೊದ್ದು ಕೂತಿದ್ದರು.

ಮುಖ್ಯ ಅತಿಥಿ ಪುರಸಭೆಯ ಮುಖ್ಯಾಧಿಕಾರಿಗಳು. ಕರೆದದ್ದು ನಮ್ಮ ಪ್ರಿನ್ಸಿಪಾಲರು, ಕಾಲೇಜಿನ ಕಾಂಪೌಂಡು ಗೋಡೆಯ ಪರವಾನಗಿಯ ಆಸೆಯಿಂದ. ಅಧಿಕಾರಿಗಳು ಉತ್ತಮ ವಾಗ್ಮಿ. ಹಾರ ತೆಗೆದಿಟ್ಟು ಎದ್ದವರೇ ಬ್ರಿಟಿಷ್ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡರು. ಶ್ರೀಮಂತನಿಗೂ ಬಡವನಿಗೂ ಒಂದೇ ದರವೆಂದರೆ ಅದು ಸಮಾನತೆಯಲ್ಲ, ಸಮಾನತೆಯ ವೇಷದ ಲೂಟಿ. ಇಂಥವರ ಕೈಯಲ್ಲಿ ನಾವು ಅಷ್ಟು ಕಾಲ ಆಳಿಸಿಕೊಂಡೆವಲ್ಲ ಎಂದು ನಾಚಿಕೆಯಾಗುತ್ತದೆ ಎಂದರು. ನಾನು ಮೇಜು ತಟ್ಟಿದೆ. ಎಷ್ಟೋ ತಿಂಗಳಿಂದ ನಾನು ಉಪ್ಪಿಟ್ಟಿನ ಮುಂದೆ ಹೇಳುತ್ತಿದ್ದುದನ್ನೇ ಅವರು ನನಗಿಂತ ಚೆನ್ನಾಗಿ ಹೇಳಿದ್ದರು, ಮತ್ತು ಅವರ ದನಿಯಲ್ಲಿದ್ದ ಕೋಪ ನಿಜವಾದ ಕೋಪವೇ ಆಗಿತ್ತು.

ಚಪ್ಪಾಳೆ ನಿಲ್ಲುವ ಮುನ್ನ ನಾಗವೇಣಿ ಎದ್ದು ನಿಂತಳು. ಇದು ನಾನು ಬರೆದುಕೊಟ್ಟದ್ದರಲ್ಲಿ ಇರಲಿಲ್ಲ.

"ಸಾರ್, ಡ್ಯೂಕಿಗೂ ಮಾಲಿಗೂ ಒಂದೇ ಅಂದ್ರೆ ಲೂಟಿ ಅಂತ ಈಗ ತಾವೇ ಅಂದ್ರಿ. ಮೂರಂತಸ್ತಿನ ಮನೆಗೂ ನಮ್ಮ ಮನೆಗೂ ಒಂದೇ ಅಂತ ನೋಟೀಸ್ ಅಂಟ್ಸಿದ್ದೀರಲ್ಲ ಸಾರ್, ಅದನ್ನ ಏನಂತಾರೆ?"

ಪ್ರಿನ್ಸಿಪಾಲರು ನನ್ನ ಕಡೆ ತಿರುಗಿ, ಗಂಟೆ ಬಾರಿಸಿ ಎಂದು ಕೈಸನ್ನೆ ಮಾಡಿದರು. ಗಂಟೆ ನನ್ನ ಕೈಯಲ್ಲೇ ಇತ್ತು. ಒಮ್ಮೆ ಅಲುಗಿಸಿದರೆ ಸಾಕು, ಹುಡುಗಿ ಕೂರುತ್ತಾಳೆ, ಗೋಡೆಗೆ ಪರವಾನಗಿ ಬರುತ್ತದೆ, ಎಲ್ಲರೂ ಕಾಫಿ ಕುಡಿದು ಹೋಗುತ್ತಾರೆ. ಬೆವರಿಗೆ ನೆನೆದ ಸಿಕ್ಕುನಾರು ಮೂಗಿನ ಮೇಲೆಯೇ ನಾರುತ್ತಿತ್ತು. ಈ ನಾತವನ್ನು ದಿನವೂ ಹೊತ್ತು ಮನೆಗೆ ಹೋಗುವ ಹೆಂಗಸು ಹಿಂದಿನ ಸಾಲಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಾಳೆಂದು ನೆನಪಾಯಿತು. ಗಂಟೆಯನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟು, "ಮಾನ್ಯ ಸದಸ್ಯರ ಪ್ರಶ್ನೆ ಕ್ರಮಬದ್ಧವಾಗಿದೆ" ಎಂದೆ.

ಅಧಿಕಾರಿಗಳು ನಕ್ಕರು. "ಅದು ಬೇರೆ, ಇದು ಬೇರೆ ಕಣಮ್ಮ. ಅದು ತೆರಿಗೆ, ಇದು ಶುಲ್ಕ."

"ಕಟ್ಟೋರಿಗೆ ಎರಡೂ ಒಂದೇ ಸಾರ್" ಎಂದು ನಾಗವೇಣಿ ಕೂತಳು.

ಮರುವಾರ, ಓಣಿಯವರು ಶುಲ್ಕ ಕಟ್ಟಿಲ್ಲವೆಂದು ಪುರಸಭೆಯ ನೌಕರ ಬಂದು ಓಣಿಯ ನಲ್ಲಿಯ ತಲೆಯನ್ನೇ ಕಳಚಿಕೊಂಡು ಹೋದ. ನನಗೆ ಆಗ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ. ಸಮುದ್ರದಾಚೆಯ ಅನ್ಯಾಯವನ್ನು ಅಷ್ಟು ಸ್ಪಷ್ಟವಾಗಿ ಕಾಣುವ ಕಣ್ಣಿಗೆ ತನ್ನ ಸಹಿಯೇ ಕಾಣುವುದಿಲ್ಲವೆಂದರೆ ಅದನ್ನು ಕುರುಡು ಎನ್ನಲೂ ಆಗದು, ಅದು ಅನುಕೂಲ. ಊರಿನವರು ಆರಿಸಿದ ಒಬ್ಬ ಸದಸ್ಯನಾದರೂ ಇದ್ದಿದ್ದರೆ ಅವನ ಮನೆಯ ಮುಂದೆ ನಿಂತು ಕೂಗಬಹುದಿತ್ತು. ಮೊಹರಿನ ಮುಂದೆ ಕೂಗಿ ಏನು ಬಂತು? ಪ್ರಿನ್ಸಿಪಾಲರು ನನ್ನೊಂದಿಗೆ ಮಾತು ಬಿಟ್ಟರು. ನಾಗವೇಣಿ ಬೆಳಗಿನ ತರಗತಿಗಳಿಗೆ ಬರುವುದು ನಿಂತಿತು.

ಬೇಸಗೆ ಕಾಲಿಡುತ್ತಿದ್ದಂತೆ, ಬ್ರಿಟನ್ನಿನ ಸರ್ಕಾರ ತಲೆಗಂದಾಯವನ್ನು ಕೈಬಿಡುವುದಾಗಿ ಹೇಳಿದೆಯೆಂದು ರೇಡಿಯೋದಲ್ಲಿ ಬಂತು. ಅದೇ ಮಧ್ಯಾಹ್ನ ನಾಗವೇಣಿ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತಿದ್ದಳು. ಸೊಂಟದ ಮೇಲೆ ಬಿಂದಿಗೆಯ ಒದ್ದೆ ಗುರುತು ಇನ್ನೂ ಆರಿರಲಿಲ್ಲ.

"ಅಲ್ಲಿ ತೆಗೆದ್ರಂತೆ ಸಾರ್?"

"ತೆಗೆದ್ರಮ್ಮ."

"ಪಾರ್ಲಿಮೆಂಟಲ್ಲಿ ಭಾಷಣ ಮಾಡಿದ್ದಕ್ಕಾ?"

ಅಲ್ಲವೆಂದು ಒಪ್ಪಿಕೊಳ್ಳಬೇಕಾಯಿತು. ಲಕ್ಷಾಂತರ ಜನ ಕಟ್ಟುವುದಿಲ್ಲವೆಂದು ಕೂತರು, ಬೀದಿಗಿಳಿದರು, ಅದಕ್ಕೇ ಎಂದೆ.

"ನೋಟ್ಸಲ್ಲಿ ಅದು ಇಲ್ಲವಲ್ಲ ಸಾರ್" ಎಂದು ಅವಳು ಹೊರಟಳು.

ಮರುದಿನ ಬೆಳಿಗ್ಗೆ ಓಣಿಯ ಹೆಂಗಸರೆಲ್ಲ ಖಾಲಿ ಬಿಂದಿಗೆಗಳೊಂದಿಗೆ ಪುರಸಭೆಯ ಮೆಟ್ಟಿಲ ಮೇಲೆ ಕೂತಿದ್ದಾರೆಂದು ಹಾಲಿನವನು ಹೇಳಿದ. ಮುನಿಯಮ್ಮ ಆ ದಿನದ ಕೂಲಿ ಬಿಟ್ಟು ಬಂದಿದ್ದಾಳಂತೆ. ನಾನು ಎಂದಿನಂತೆ ಆವೇಶದಿಂದ, ಈ ಮಂದಗತಿಯ ಅಧಿಕಾರಶಾಹಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಿಂದಲೇ ಬಂದ ಬಳುವಳಿ ಎಂದು ವ್ಯಾಖ್ಯಾನ ಶುರುಮಾಡಿದೆ. ಶಾರದ ನಡುಮನೆಯಿಂದ ಎರಡು ಹಿತ್ತಾಳೆ ಬಿಂದಿಗೆ ತಂದು, ಒಂದನ್ನು ನನ್ನ ಕೈಗಿತ್ತಳು.

"ಲಂಡನ್ನಿನೋರನ್ನ ಬೈದಿದ್ದು ಸಾಕು. ನಡೀರಿ."

ಸರ್ಕಾರಿ ಸಂಬಳದ ಅಧ್ಯಾಪಕನೊಬ್ಬ ಪಂಚೆ ಉಟ್ಟು, ಖಾಲಿ ಬಿಂದಿಗೆ ಹಿಡಿದು ಪೇಟೆ ಬೀದಿಯಲ್ಲಿ ನಡೆದುಹೋಗುವುದು ಎಂಥ ದೃಶ್ಯವೆಂದು ನೀವೇ ಊಹಿಸಿ. ಶುಭಕಾರ್ಯಕ್ಕೆ ಹೊರಟಿದ್ದ ಇಬ್ಬರು ನನ್ನನ್ನು ಕಂಡು ಮನೆಗೆ ವಾಪಸಾದರು. ಮೆಟ್ಟಿಲ ಮೇಲೆ ಮುನಿಯಮ್ಮ ಸರಿದು ನಮ್ಮಿಬ್ಬರಿಗೂ ಜಾಗ ಕೊಟ್ಟಳು. ಬಿಸಿಲೇರಿದ ಮೇಲೆ ಮುಖ್ಯಾಧಿಕಾರಿಗಳು ಹೊರಬಂದು ಹೆಂಗಸರ ಮೇಲೆ ಕಣ್ಣಾಡಿಸಿ, ನನ್ನ ಮೇಲೆ ನಿಲ್ಲಿಸಿದರು.

"ಏನ್ ಮೇಷ್ಟ್ರೇ, ನಿಮ್ಮ ಮನೇಲಿ ನಲ್ಲಿ ಇದೆಯಲ್ರೀ?"

"ಇದೆ ಸಾರ್. ಅದಕ್ಕೇ ಬಂದೆ. ನಾನು ಇವರಷ್ಟೇ ಯಾಕೆ ಕಟ್ಟಬೇಕು, ಜಾಸ್ತಿ ಹಾಕಿ" ಎಂದೆ. ಅವರ ವೃತ್ತಿಜೀವನದಲ್ಲಿ ಇಂಥ ಅಹವಾಲು ಬಂದಿರಲಿಲ್ಲವೆಂದು ತೋರುತ್ತದೆ; ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಸಂಜೆ ನಲ್ಲಿಯ ತಲೆ ವಾಪಸು ಬಂತು. ಜೊತೆಗೊಂದು ಆದೇಶವೂ ಬಂತು: ಸಾರ್ವಜನಿಕರ ಕೋರಿಕೆಯನ್ನು ಸಹಾನುಭೂತಿಯಿಂದ ಪರಿಶೀಲಿಸಿ, ಬೀದಿ ನಲ್ಲಿಯನ್ನು ಮುಂದಿನ ಆದೇಶದವರೆಗೆ ತಾತ್ಕಾಲಿಕವಾಗಿ ತೆರೆಯಲಾಗಿದೆ. ದರದ ಬಗ್ಗೆ ಒಂದಕ್ಷರವಿಲ್ಲ. ನಾಗವೇಣಿ ಅದನ್ನು ಎರಡು ಸಲ ಓದಿ ನನ್ನ ಕೈಗೆ ಕೊಟ್ಟಳು. ಮರುದಿನ ಮೊದಲ ತರಗತಿಗೆ ಬಂದು ಕೂತಿದ್ದಳು.

ಆದೇಶ ಬಂದ ಸಂಜೆಯೇ ಮನೆಗೆ ಬಂದು ನಾನು ಬಿಂದಿಗೆಯನ್ನು ನಡುಮನೆಗೆ ಒಯ್ಯುತ್ತಿದ್ದೆ. ಅಡುಗೆಗೆಂದು ಮೊದಲೇ ಮನೆಗೆ ಬಂದಿದ್ದ ಶಾರದ, ಆದೇಶದಲ್ಲಿ ಏನಿತ್ತೆಂದು ಕೇಳಿದಳು, ಹೇಳಿದೆ.

"ತಾತ್ಕಾಲಿಕವಾಗಿ ಅಂತ ಬರೆದಿದಾರಾ?" ಎಂದಳು. "ಹಾಗಾದ್ರೆ ಆ ಬಿಂದಿಗೇನ ಒಳಗೆ ತರಬೇಡಿ. ಬಾಗಿಲ ಹತ್ರಾನೇ ಇರ್ಲಿ."